ಕಲ್ಲು ಒಳಗೆ ಹೋದ ಮೇಲೆ

ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಗೆ ಫ್ರಂಟ್ ಲೋಡ್ ವಾಷಿಂಗ್ ಮಷಿನ್ ತಂದುಕೊಡಬೇಕು ಎಂದರೆ ಅಂಗಡಿಯ ಹುಡುಗರ ಮುಖ ಸಣ್ಣದಾಗುತ್ತದೆ. ಫ್ರಿಜ್ಜನ್ನು ಒಂದೇ ಉಸಿರಿಗೆ ಹತ್ತಿಸಿಬಿಡುವವರು ಇದಕ್ಕೆ ನಾಲ್ಕು ಮೆಟ್ಟಿಲಿಗೊಮ್ಮೆ ನಿಲ್ಲುತ್ತಾರೆ. ಸಾಧಾರಣ ಮನೆ ಬಳಕೆಯ ಮಷಿನ್ ತೂಗುವುದು 60ರಿಂದ 70 ಕಿಲೋ. ಬಿಚ್ಚಿ ನೋಡಿದರೆ ಅಷ್ಟು ಭಾರಕ್ಕೆ ಕಾರಣವಾಗುವ ಕಬ್ಬಿಣವೇನೂ ಕಾಣುವುದಿಲ್ಲ. ಹೊರಗೆ ತೆಳ್ಳನೆಯ ತಗಡು, ಒಳಗೆ ಪ್ಲಾಸ್ಟಿಕ್ ಟಬ್ಬು, ಅದರೊಳಗೆ ತೂತು ತೂತಿನ ಸ್ಟೀಲ್ ಡ್ರಮ್ಮು, ಹಿಂದೊಂದು ಮೋಟಾರು. ಉಳಿದ ತೂಕದಲ್ಲಿ ಬಹುಪಾಲು ಕಾಂಕ್ರೀಟಿನದು. ಟಬ್ಬಿನ ತಲೆಯ ಮೇಲೆ, ಬಾಯಿಯ ಸುತ್ತ ಅಚ್ಚಿನಲ್ಲಿ ಎರೆದ ಕಾಂಕ್ರೀಟ್ ಗಟ್ಟಿಗಳನ್ನು ಬೋಲ್ಟ್ ಹಾಕಿ ಬಿಗಿದಿರುತ್ತಾರೆ.

ಹಿತ್ತಲಿನ ಒಗೆಯುವ ಕಲ್ಲು ಹಳೆಯ ಮನೆಗಳ ಜೊತೆಗೇ ಹೋಯಿತು ಅಂದುಕೊಂಡಿದ್ದೇವೆ. ಅದು ಎಲ್ಲೂ ಹೋಗಿಲ್ಲ, ಮಷಿನ್ನಿನ ಒಳಗೆ ಸೇರಿಕೊಂಡಿದೆ. ಮಾಡುವ ಕೆಲಸ ಮಾತ್ರ ಬೇರೆ. ಆಗ ಕಲ್ಲಿನ ಮೇಲೆ ಬಟ್ಟೆ ಕುಕ್ಕುತ್ತಿದ್ದೆವು. ಈಗ ತಿರುಗುವ ಬಟ್ಟೆ ಇಡೀ ಪೆಟ್ಟಿಗೆಯನ್ನೇ ಎತ್ತಿ ಕುಕ್ಕದಂತೆ ಕಲ್ಲು ಅದುಮಿ ಹಿಡಿಯುತ್ತದೆ.

ಅದುಮಿ ಹಿಡಿಯುವುದು ಅಂದರೆ ಎಷ್ಟು ಬಲ? ಡ್ರಮ್ಮಿನ ಅಡ್ಡಳತೆ ಸುಮಾರು 48 ಸೆಂಟಿಮೀಟರ್. ಅದು ನಿಮಿಷಕ್ಕೆ 1200 ಸುತ್ತು ತಿರುಗುವಾಗ ಅಂಚಿನಲ್ಲಿರುವ ಬಟ್ಟೆಯ ಮೇಲೆ ಬೀಳುವ ಎಳೆತ ಭೂಮಿಯ ಗುರುತ್ವದ ಸುಮಾರು 385 ಪಟ್ಟು. ಒದ್ದೆ ಬಟ್ಟೆ ಸಮನಾಗಿ ಹರಡದೆ ಒಂದು ಕಡೆ ಅರ್ಧ ಕಿಲೋ ಹೆಚ್ಚು ಕೂತರೆ ಸಾಕು, ಸುಮಾರು 190 ಕಿಲೋ ತೂಕದಷ್ಟು ಬಲ ಡ್ರಮ್ಮನ್ನು ಆ ಪಕ್ಕಕ್ಕೆ ಎಳೆಯುತ್ತದೆ. ಅದೂ ಸುಮ್ಮನೆ ಒಂದು ದಿಕ್ಕಿಗಲ್ಲ; ಸೆಕೆಂಡಿಗೆ 20 ಸಲ ದಿಕ್ಕು ಸುತ್ತುತ್ತ. ಸ್ಪಿನ್ ಶುರುವಾಗುವ ಮುನ್ನ ಮಷಿನ್ ಅತ್ತ ಅರ್ಧ ಸುತ್ತು, ಇತ್ತ ಅರ್ಧ ಸುತ್ತು ಹಾಕುತ್ತ ಮೀನಮೇಷ ಎಣಿಸುವುದು ಇದಕ್ಕೇ. ಬಟ್ಟೆ ಹರಡಿದೆಯೇ ಎಂದು ತೂಗಿ ನೋಡುತ್ತದೆ. ಹರಡದಿದ್ದರೆ ಮತ್ತೆ ಕೆಡವಿ ಮತ್ತೆ ಸುತ್ತುತ್ತದೆ. ಒಂದೇ ಒಂದು ಕಾಲೊರಸು, ಒಂದೇ ದಪ್ಪ ರಗ್ಗು ಹಾಕಿದವರ ಮನೆಯಲ್ಲಿ ಕೊನೆಯ ಒಂಬತ್ತು ನಿಮಿಷ ಮುಕ್ಕಾಲು ಗಂಟೆಯಾಗುವುದು, ಆಮೇಲೆ ನೀರು ಸೋರುವ ಬಟ್ಟೆಯನ್ನೇ ಮಷಿನ್ ಕೈಗೆ ಕೊಟ್ಟು ಸುಮ್ಮನಾಗುವುದು ಇದರಿಂದಲೇ. ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಜೊತೆಗೆ ಎರಡು ಟವೆಲ್ ಹಾಕಿ ನೋಡಬೇಕು. ಒಂಟಿ ಬಟ್ಟೆಗಿಂತ ನಾಲ್ಕು ಬಟ್ಟೆ ಅದಕ್ಕೆ ಸುಲಭ.

ಅಮೆರಿಕದ ಬೆಂಡಿಕ್ಸ್ ಕಂಪನಿ 1937ರಲ್ಲಿ ಮುಂಬಾಗಿಲಿನ ಸ್ವಯಂಚಾಲಿತ ಮಷಿನ್ ತೋರಿಸಿದಾಗ ಈ ಕಂಪನಕ್ಕೆ ಉಪಾಯ ಇನ್ನೂ ಸಿಕ್ಕಿರಲಿಲ್ಲ. ಅದನ್ನು ಬೋಲ್ಟ್ ಹಾಕಿ ನೆಲಕ್ಕೇ ಬಿಗಿಯಬೇಕಿತ್ತು. ಇಂದು ಟಬ್ಬು ಸ್ಪ್ರಿಂಗ್‌ಗಳಿಂದ ತೂಗುತ್ತದೆ, ಕೆಳಗೆ ಶಾಕ್ ಅಬ್ಸಾರ್ಬರ್ ಇರುತ್ತವೆ, ಮೇಲೆ ಕಾಂಕ್ರೀಟು. ಸಾಗಿಸುವಾಗ ಈ ತೂಗುವ ಟಬ್ಬು ಬಡಿದುಕೊಳ್ಳದಿರಲೆಂದು ಕಾರ್ಖಾನೆಯವರು ಹಿಂದಿನಿಂದ ಉದ್ದನೆಯ ಬೋಲ್ಟ್ ಹಾಕಿ ಬಿಗಿದು ಕಳಿಸುತ್ತಾರೆ. ಮನೆ ಬದಲಿಸಿದಾಗ ತೊಂದರೆ ಇಲ್ಲಿಂದಲೇ. ಆ ಬೋಲ್ಟ್‌ಗಳನ್ನು ಡಬ್ಬಿಯಲ್ಲಿ ಹಾಕಿ ಎತ್ತಿಟ್ಟವರು ಕಡಿಮೆ. ಅವಿಲ್ಲದೆ ಟೆಂಪೋದಲ್ಲಿ ಮಲಗಿಸಿ ತಂದರೆ ಟಬ್ಬಿನ ತೂಕವೆಲ್ಲ ಸ್ಪ್ರಿಂಗು, ಶಾಕುಗಳ ಮೇಲೆ ಬೀಳುತ್ತದೆ. ಹೊಸ ಮಷಿನ್ನಿನ ಬೋಲ್ಟ್ ಬಿಚ್ಚದೆಯೇ ಚಾಲೂ ಮಾಡಿದರಂತೂ ಅದು ಅಡುಗೆಮನೆಯ ತನಕ ನಡೆದುಕೊಂಡು ಬರುತ್ತದೆ. ಅಂಗಡಿಯಲ್ಲಿ ಸ್ಟ್ಯಾಂಡ್ ಎಂದು ಮಾರುವ ಚಕ್ರದ ಗಾಡಿಯ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ನಾಲ್ಕೂ ಕಾಲು ನೆಲಕ್ಕೆ ಗಟ್ಟಿಯಾಗಿ ಊರಬೇಕು ಎಂದು ಇಷ್ಟು ಕಾಂಕ್ರೀಟು ಹೊತ್ತು ತಂದ ಮೇಲೆ ಅದನ್ನು ಚಕ್ರದ ಮೇಲೆ ಕೂರಿಸುವುದು ಯಾವ ಬುದ್ಧಿವಂತಿಕೆ? ಯುಟಿಲಿಟಿಯ ನೆಲ ನೀರು ಹರಿಯಲೆಂದು ಇಳಿಜಾರಾಗಿರುತ್ತದೆ. ಹಾಗಾಗಿ ಕಾಲಿನ ತಿರುಪು ತಿರುಗಿಸಿ, ಮೇಲೊಂದು ರಸಮಟ್ಟ ಇಟ್ಟು ಸರಿಮಾಡಿಕೊಂಡರೆ ಅರ್ಧ ಸದ್ದು ಅಲ್ಲಿಗೇ ನಿಲ್ಲುತ್ತದೆ.

ಸ್ಪಿನ್ನಿನ ಆರ್ಭಟದ ಪಕ್ಕದಲ್ಲಿ ಒಗೆತ ತೀರಾ ಮೆಲ್ಲನೆಯದು. ಒಗೆಯುವಾಗ ಡ್ರಮ್ ತಿರುಗುವುದು ನಿಮಿಷಕ್ಕೆ 50 ಸುತ್ತಿನ ಆಸುಪಾಸು. ಆ ವೇಗದಲ್ಲಿ ಅಂಚಿನ ಎಳೆತ ಗುರುತ್ವದ ಮೂರನೇ ಎರಡು ಪಾಲಷ್ಟೇ. ಅಂದರೆ ಬಟ್ಟೆ ಡ್ರಮ್ಮಿಗೆ ಅಂಟಿಕೊಳ್ಳದೆ ಒಂದಷ್ಟು ಎತ್ತರಕ್ಕೆ ಏರಿ ಧೊಪ್ಪನೆ ಬೀಳುತ್ತದೆ. 60 ಸುತ್ತಿಗೆ ಏರಿಸಿದರೆ ಎಳೆತ ಗುರುತ್ವಕ್ಕೆ ಸರಿಸಮನಾಗುತ್ತದೆ, ಬಟ್ಟೆ ಬೀಳುವುದೇ ನಿಲ್ಲುತ್ತದೆ, ಒಗೆತವೂ ನಿಲ್ಲುತ್ತದೆ. ಡ್ರಮ್ಮನ್ನು ಕಂಠಪೂರ್ತಿ ತುಂಬಿದಾಗಲೂ ಆಗುವುದು ಇದೇ: ಬೀಳಲು ಜಾಗವೇ ಇರುವುದಿಲ್ಲ. ಏಳು ಕಿಲೋ ಎಂದು ಬರೆದಿದೆ ಎಂದು ತೂಗಿ ತೂಗಿ ತುಂಬುವವರು ತುಂಬಿದ ಮೇಲೆ ಒಮ್ಮೆ ಅಂಗೈಯನ್ನು ಬಟ್ಟೆಯ ಮೇಲ್ಗಡೆ ನಿಲ್ಲಿಸಿ ತೂರಿಸಬೇಕು. ಕೈ ಹೋಗದಿದ್ದರೆ ಎರಡು ಪ್ಯಾಂಟು ಹೊರಗೆ.

ಇಷ್ಟು ಮೆಲ್ಲಗೆ ಬಿದ್ದರೆ ಕೊಳೆ ಹೋಗುವುದು ಹೇಗೆ ಎಂಬ ಪ್ರಶ್ನೆಗೆ ಜರ್ಮನಿಯ ಹೆಂಕೆಲ್ ಕಂಪನಿಯಲ್ಲಿದ್ದ ರಸಾಯನಶಾಸ್ತ್ರಜ್ಞ ಹರ್ಬರ್ಟ್ ಸಿನ್ನರ್ 1959ರಲ್ಲಿ ಒಂದು ವೃತ್ತ ಬರೆದು ಉತ್ತರ ಕೊಟ್ಟರು. ಒಗೆತಕ್ಕೆ ಬೇಕಾದದ್ದು ನಾಲ್ಕು: ಸಾಬೂನಿನ ರಸಾಯನ, ಶಾಖ, ತಿಕ್ಕುವ ಬಲ, ಸಮಯ. ಒಂದನ್ನು ಕಡಿಮೆ ಮಾಡಿದರೆ ಇನ್ನೊಂದನ್ನು ಹೆಚ್ಚಿಸಬೇಕು. ಕಲ್ಲಿನ ಮೇಲೆ ಕುಕ್ಕುತ್ತಿದ್ದ ಕಾಲದಲ್ಲಿ ತಣ್ಣೀರು, ಬಾರ್ ಸೋಪು, ಕಾಲು ಗಂಟೆ. ಉಳಿದದ್ದನ್ನೆಲ್ಲ ಹೆಂಗಸರ ಸೊಂಟ, ಭುಜ, ಮಣಿಕಟ್ಟು ತುಂಬಿಕೊಡುತ್ತಿದ್ದವು. ಮಷಿನ್ ಬಲವನ್ನು ಕಡಿಮೆ ಮಾಡಿ ಸಮಯವನ್ನು ಎಳೆಯಿತು. "ಎರಡು ಗಂಟೆ ಅದೇನು ತಿರುಗತ್ತೋ, ನಾನು ಅಷ್ಟರಲ್ಲಿ ಮೂರು ಬಕೆಟ್ ಒಗೆದು ಹರವಿರ್ತಿದ್ದೆ" ಎಂದು ಅಜ್ಜಿಯರು ಅನ್ನುವುದು ಲೆಕ್ಕದ ಪ್ರಕಾರ ಸರಿಯೇ. ಆ ಎರಡು ಗಂಟೆ ಬೇರೆ ಯಾರ ಮೈಯಿಂದಲೋ ಇಳಿದ ಭಾರ.

ನೀರಿನ ಲೆಕ್ಕದಲ್ಲೂ ಹಾಗೇ. ಮೇಲ್ಬಾಗಿಲಿನ ಮಷಿನ್ನಿನಲ್ಲಿ ಬಟ್ಟೆ ನೀರಿನಲ್ಲಿ ಮುಳುಗಿ ಈಜಬೇಕು, ಅದಕ್ಕೆ ನೂರು ಲೀಟರ್ ಮೀರಿದ ನೀರು ಸಾಮಾನ್ಯ. ಮುಂಬಾಗಿಲಿನದಕ್ಕೆ 50–70 ಲೀಟರ್ ಸಾಕು, ಅದೂ ಎಲ್ಲ ಜಾಲಿಸುವ ಸುತ್ತುಗಳನ್ನು ಸೇರಿಸಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದಾಗ, ಟ್ಯಾಂಕರ್‌ಗೆ ಕಾಯುತ್ತಿದ್ದ ಅಪಾರ್ಟ್‌ಮೆಂಟ್‌ಗಳಲ್ಲಿ ಈ ವ್ಯತ್ಯಾಸ ಎಲ್ಲರಿಗೂ ಬಾಯಿಪಾಠವಾಗಿತ್ತು.

ಆದರೆ ಕಡಿಮೆ ನೀರಿಗೂ ಒಂದು ಬೆಲೆಯಿದೆ. ಧಾರಾಳ ನೀರು ತನ್ನ ಜೊತೆಗೆ ಎಲ್ಲವನ್ನೂ ಕೊಚ್ಚಿಕೊಂಡು ಹೋಗುತ್ತದೆ, ಅಳೆದು ಕೊಟ್ಟ ನೀರು ಅಷ್ಟಿಷ್ಟು ಬಿಟ್ಟು ಹೋಗುತ್ತದೆ. ಫ್ರಂಟ್ ಲೋಡ್ ಮಷಿನ್ ದುಡಿದು ಸವೆದು ಹಾಳಾಗುವುದಕ್ಕಿಂತ ತನ್ನೊಳಗೆ ಉಳಿದದ್ದರಿಂದ ಹಾಳಾಗುವುದೇ ಹೆಚ್ಚು. ಉಳಿದ ಸುಣ್ಣ, ಉಳಿದ ಸಾಬೂನು, ಉಳಿದ ತೇವ. ರಿಪೇರಿಯವರ ಚೀಲದಲ್ಲಿರುವ ಬಿಡಿಭಾಗಗಳಲ್ಲಿ ಹೆಚ್ಚಿನವು ಈ ಮೂರರಲ್ಲಿ ಒಂದರ ಲೆಕ್ಕಕ್ಕೆ ಬರುತ್ತವೆ.

ಸುಣ್ಣದಿಂದ ಶುರುಮಾಡೋಣ. ಬೆಂಗಳೂರಿನ ಮನೆಗಳಿಗೆ ಎರಡು ನೀರು. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಮೂರು ಹಂತದಲ್ಲಿ ಎತ್ತರಿಸಿ ತರುವ ಕಾವೇರಿ ಒಂದು. ಕಾಲಡಿಯ ಬಂಡೆಯ ಬಿರುಕಿನಿಂದ ಎಳೆಯುವ ಬೋರ್ ನೀರು ಇನ್ನೊಂದು. ಕಾವೇರಿ ಯೋಜನೆಯ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಚಾಲೂ ಆದದ್ದು ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ. ಆದರೆ ನಲ್ಲಿ ಬಂದ ಕಡೆಯೂ ಸಂಪಿನಲ್ಲಿ ಎರಡನ್ನೂ ಬೆರೆಸುವುದೇ ವಾಡಿಕೆ. ನಮ್ಮ ಬೀದಿಯ ಒಂದು ಮನೆಯಲ್ಲಿ ಮೆಕ್ಯಾನಿಕ್ ಒಬ್ಬರು ಮಷಿನ್ ಬಿಚ್ಚಿಕೊಂಡು ಕೂತಿದ್ದರು. ಹೀಟರ್ ಈಚೆಗೆ ಬರುತ್ತಿರಲಿಲ್ಲ. ಕೈ ಬೆರಳಿನ ಗಾತ್ರದ ಸ್ಟೀಲ್ ಕೊಳವೆ ಸುಣ್ಣ ಮೆತ್ತಿಕೊಂಡು ಹೆಬ್ಬೆರಳಿಗಿಂತ ದಪ್ಪವಾಗಿ ತನ್ನ ಗೂಡಿನಲ್ಲೇ ಸಿಕ್ಕಿಕೊಂಡಿತ್ತು. ಅತ್ತಿತ್ತ ಅಲ್ಲಾಡಿಸಿ, ಸ್ಕ್ರೂಡ್ರೈವರ್ ಹಿಡಿಯಿಂದ ಬಡಿದು ಎಳೆದಾಗ ನೆಲದ ಮೇಲೆ ಬಿದ್ದದ್ದು ಮೊಟ್ಟೆಯೋಡಿನಂಥ ಬಿಳಿ ಚಕ್ಕೆಗಳು, ಒಂದು ಹಿಡಿಯಾಗುವಷ್ಟು.

"ಬೋರ್ ನೀರಾ ಮೇಡಂ?"

"ಇಲ್ಲಪ್ಪ, ಎರಡೂ ಸೇರಿ ಬರತ್ತೆ."

"ಸೇರಿದ್ರೆ ಬೋರ್ ನೀರೇ ಮೇಡಂ."

ಅವರು ಹೇಳಿದ್ದು ರಸಾಯನಶಾಸ್ತ್ರಕ್ಕೂ ಒಪ್ಪುವ ಮಾತು. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಉಪ್ಪುಗಳೇ ಗಡಸುತನ. ಸಕ್ಕರೆ ಬಿಸಿಯಾದಷ್ಟೂ ಚೆನ್ನಾಗಿ ಕರಗುತ್ತದೆ. ಸುಣ್ಣದ ಸ್ವಭಾವ ತಿರುಗುಮುರುಗು, ನೀರು ಬಿಸಿಯಾದಷ್ಟೂ ಅದು ಕರಗಿರಲಾರದೆ ಹೊರಬೀಳುತ್ತದೆ. ಎಲ್ಲಕ್ಕಿಂತ ಬಿಸಿಯಾದ ಜಾಗ ಹೀಟರ್‌ನ ಮೈ, ಅಲ್ಲೇ ಕೂರುತ್ತದೆ. ಭಾರತೀಯ ಮಾನಕ ಬ್ಯೂರೊ ಕುಡಿಯುವ ನೀರಿಗೆ ಲೀಟರಿಗೆ 200 ಮಿಲಿಗ್ರಾಂ ಗಡಸುತನ ಸಾಕು ಎನ್ನುತ್ತದೆ, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ನಡೆಯುತ್ತದೆ. ನಿಮ್ಮ ಬೋರ್ ನೀರಿನದು 500 ಎಂದಿಟ್ಟುಕೊಳ್ಳಿ. 60 ಲೀಟರಿನ ಒಂದು ಒಗೆತಕ್ಕೆ 30 ಗ್ರಾಂ. ವಾರಕ್ಕೆ ನಾಲ್ಕು ಸಲ ಹಾಕಿದರೆ ವರ್ಷಕ್ಕೆ ಆರು ಕಿಲೋ ಸುಣ್ಣದ ಸಾಮಾನು ಮಷಿನ್ನಿನ ಮೂಲಕ ಹಾದುಹೋಗುತ್ತದೆ. ಬಹುಪಾಲು ಮೋರಿಗೆ ಹೋಗುತ್ತದೆ. ಉಳಿಯುವ ಚೂರು ಹೀಟರ್‌ಗೆ ಹೊದಿಕೆಯಾಗಿ, ಒಳಗಿನ ಶಾಖ ಹೊರಗೆ ಬರದೆ, ಒಂದು ದಿನ ಒಳಗಿನ ತಂತಿ ಸುಟ್ಟು ಹೋಗುತ್ತದೆ. ಕೆಲವು ಸಲ ಕೊಳವೆ ಬಿರಿದು ಮನೆಯ ಕರೆಂಟೇ ಟ್ರಿಪ್ ಆಗುತ್ತದೆ.

ಗಡಸುತನ ತಿಳಿಯಲು ಆರ್‌ಒ ಮಾರುವವರ ಟಿಡಿಎಸ್ ಕಡ್ಡಿಯನ್ನು ನಂಬಿ ಕೂರಬಾರದು. ಅದು ಕರಗಿದ್ದೆಲ್ಲವನ್ನೂ ಒಟ್ಟಿಗೆ ಅಳೆಯುತ್ತದೆ, ಸುಣ್ಣವನ್ನು ಬೇರೆಯಾಗಿ ತೋರಿಸುವುದಿಲ್ಲ. ಅರ್ಧ ಬಾಟಲಿ ನೀರಿಗೆ ಬಾರ್ ಸೋಪಿನ ಚೂರು ಹಾಕಿ ಕುಲುಕಿದರೆ ನೊರೆ ಬರುತ್ತದೋ ಬಿಳಿ ಮೊಸರು ಬರುತ್ತದೋ ನೋಡುವ ಹಳೆಯ ಪರೀಕ್ಷೆಯೇ ಮನೆಗೆ ಸಾಕು. ಇನ್ನೊಂದು ಅಭ್ಯಾಸವನ್ನು ಇಲ್ಲೇ ಹೇಳಬೇಕು. ನೀರು ಉಳಿಸುವ ಒಳ್ಳೆಯ ಮನಸ್ಸಿನಿಂದ ಆರ್‌ಒ ಹೊರಹಾಕುವ ನೀರನ್ನು ಕೊಡದಲ್ಲಿ ಹಿಡಿದು ಮಷಿನ್ನಿಗೆ ಸುರಿಯುವವರಿದ್ದಾರೆ. ಕುಡಿಯುವ ನೀರಿನಿಂದ ತೆಗೆದ ಸುಣ್ಣವೆಲ್ಲ ಸೇರಿಕೊಂಡಿರುವುದು ಆ ನೀರಿನಲ್ಲಿ. ನೆಲ ಒರೆಸಿ, ಪಾಯಿಖಾನೆಗೆ ಸುರಿಯಿರಿ, ಮಷಿನ್ನಿಗೆ ಬೇಡ. ನಲ್ಲಿಗೂ ಪೈಪಿಗೂ ನಡುವೆ ಸಿಕ್ಕಿಸುವ ಹರಳಿನ ಫಿಲ್ಟರ್ ನೀರನ್ನು ಮೆದು ಮಾಡುವುದಿಲ್ಲ, ಸುಣ್ಣ ಅಂಟದಂತೆ ಒಂದಿಷ್ಟು ತಡೆಯುತ್ತದೆ. ಹರಳು ಕರಗಿದ ಮೇಲೆ ತುಂಬಿಸದಿದ್ದರೆ ಖಾಲಿ ಡಬ್ಬಿ. ನಿಜವಾಗಿ ಮೆದು ಮಾಡುವುದು ಉಪ್ಪು ಹಾಕಿ ತೊಳೆಯಬೇಕಾದ ರೆಸಿನ್ ತುಂಬಿದ ಸಾಫ್ಟ್‌ನರ್, ಅದು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತದೆ. ಅದರಿಂದ ಟಿಡಿಎಸ್ ಇಳಿಯುತ್ತದೆ ಎಂದು ಯಾರಾದರೂ ಹೇಳಿದರೆ ಅವರಿಗೆ ತಾವು ಮಾರುವ ವಸ್ತುವಿನ ಪರಿಚಯವಿಲ್ಲ ಎಂದರ್ಥ.

ಕೂತ ಸುಣ್ಣಕ್ಕೆ ಮದ್ದು ಹುಳಿ. ಕಂಪನಿಯ ಡಿಸ್ಕೇಲಿಂಗ್ ಪುಡಿಗಳಲ್ಲಿ ಬಹಳಷ್ಟರ ಜೀವಾಳ ಸಿಟ್ರಿಕ್ ಆಮ್ಲ, ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿದರೆ ಸಿಗುವುದು. ಖಾಲಿ ಡ್ರಮ್ಮಿಗೆ ನೂರು ಗ್ರಾಂ ಹಾಕಿ ಬಿಸಿ ನೀರಿನ ಒಂದು ಸುತ್ತು ಓಡಿಸಿದರೆ ಸುಣ್ಣ ಗುಳ್ಳೆಯೆದ್ದು ಕರಗುತ್ತದೆ. 60 ಡಿಗ್ರಿ ದಾಟಿಸಬಾರದು. ಕ್ಯಾಲ್ಸಿಯಂ ಸಿಟ್ರೇಟ್ ಕೂಡ ಬಿಸಿ ಹೆಚ್ಚಾದರೆ ಕರಗದೆ ಕೂರುವ ಜಾತಿಯದು, ಒಂದು ಸುಣ್ಣ ಹೋಗಿ ಇನ್ನೊಂದು ಬಂದಂತಾಗುತ್ತದೆ. ಹುಳಿ ಹಾಕಿದ ದಿನ ಬ್ಲೀಚ್ ಹತ್ತಿರಕ್ಕೂ ತರಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ, ಮುಚ್ಚಿದ ಯುಟಿಲಿಟಿಯಲ್ಲಿ ಅದು ಅಪಾಯ. ಬೋರ್ ನೀರಿನ ಮನೆಗೆ ತಿಂಗಳಿಗೊಮ್ಮೆ, ಕಾವೇರಿಯಷ್ಟೇ ಬರುವ ಮನೆಗೆ ಮೂರು ನಾಲ್ಕು ತಿಂಗಳಿಗೊಮ್ಮೆ ಎಂಬುದು ನನ್ನ ಲೆಕ್ಕ. ಕೋಲಾರ, ಚಿಕ್ಕಬಳ್ಳಾಪುರದ ಆಳದ ಬೋರ್‌ವೆಲ್‌ಗಳ ನೀರು ಬಳಸುವವರು ಇನ್ನೂ ಬೇಗ ಮಾಡಿದರೂ ತಪ್ಪಿಲ್ಲ.

ಹಾಗಾದರೆ ಬಿಸಿ ನೀರಿನ ಗೊಡವೆಯೇ ಬೇಡ, ತಣ್ಣೀರಲ್ಲೇ ಒಗೆದರಾಯಿತು ಎಂದು ಬಹಳ ಮನೆಗಳು ತೀರ್ಮಾನ ಮಾಡಿವೆ. ಕರೆಂಟ್ ಬಿಲ್ಲಿನ ದೃಷ್ಟಿಯಿಂದಲೂ ಅದು ಸರಿ ಕಾಣುತ್ತದೆ. ಹೀಟರ್ ಎರಡು ಕಿಲೋವಾಟಿನದು, ಮಷಿನ್ ಬಳಸುವ ವಿದ್ಯುತ್ತಿನ ಸಿಂಹಪಾಲು ಅದರದೇ. ಯುರೋಪಿನ ಚಳಿಗಾಲದ ನಲ್ಲಿ ನೀರಿಗೆ ಹೋಲಿಸಿದರೆ ನಮ್ಮ ತಣ್ಣೀರು ತಣ್ಣಗಿರುವುದೂ ಇಲ್ಲ, ಕಲಬುರಗಿಯ ಮೇ ತಿಂಗಳಲ್ಲಿ ತಾರಸಿಯ ಟ್ಯಾಂಕೇ ಗೀಸರ್. ಆದರೆ ಮೈಯ ಜಿಡ್ಡು, ತಲೆಗೆ ಹಚ್ಚಿದ ಎಣ್ಣೆ ದಿಂಬಿನ ಗವಸಿನಿಂದ ಬಿಟ್ಟರೂ ತಣ್ಣೀರಿನಲ್ಲಿ ಪೂರ್ತಿ ಕರಗಿ ಹೊರಹೋಗುವುದಿಲ್ಲ. ಡ್ರಮ್ಮಿನ ಹೊರಮೈಗೂ ಟಬ್ಬಿನ ಒಳಮೈಗೂ ನಡುವೆ, ನಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ ಮೆತ್ತಿಕೊಳ್ಳುತ್ತದೆ. ಅದರ ಮೇಲೆ ಸಾಬೂನು, ಬಟ್ಟೆಯ ಜುಂಗು, ಆಮೇಲೆ ಬ್ಯಾಕ್ಟೀರಿಯಾ, ಬೂಷ್ಟು. ಒಗೆದ ಟವೆಲ್ಲಿನಿಂದ ಮುಖ ಒರೆಸಿಕೊಂಡಾಗ ಮುಗ್ಗಲು ವಾಸನೆ ಬಂದರೆ ಮೂಲ ಇಲ್ಲಿದೆ. ಬಿಸಿ ಹಾಕಿದರೆ ಸುಣ್ಣ, ಹಾಕದಿದ್ದರೆ ಲೋಳೆ. ದಿನದ ಬಟ್ಟೆ ತಣ್ಣೀರಲ್ಲೋ 40 ಡಿಗ್ರಿಯಲ್ಲೋ ನಡೆಯಲಿ, ಪುಡಿಯಲ್ಲಿರುವ ಎಂಜೈಮುಗಳಿಗೂ 40 ಹಿತವಾದ ಶಾಖ. ವಾರಕ್ಕೊಮ್ಮೆ ಟವೆಲ್ಲು, ಹಾಸಿಗೆ ಹೊದಿಕೆಗಳನ್ನು 60ರಲ್ಲಿ ಹಾಕಿ. ಅದೇ ಮಷಿನ್ನಿಗೂ ಎಣ್ಣೆಸ್ನಾನ.

ಪುಡಿಯೋ ದ್ರವವೋ ಎಂಬ ವಾದದಲ್ಲಿ ನಾನು ಪುಡಿಯ ಕಡೆ. ಒಳ್ಳೆಯ ಪುಡಿಗಳಲ್ಲಿ ಆಮ್ಲಜನಕ ಬಿಡುವ ಬ್ಲೀಚ್ ಇರುತ್ತದೆ, ಬಿಸಿ ನೀರಿನಲ್ಲಿ ಅದು ಬೂಷ್ಟಿನ ವಿರುದ್ಧ ಕೆಲಸ ಮಾಡುತ್ತದೆ. ದ್ರವದಲ್ಲಿ ಅದನ್ನು ಕೆಡದಂತೆ ಇಡುವುದು ಕಷ್ಟವಾದ್ದರಿಂದ ಸಾಮಾನ್ಯವಾಗಿ ಇರುವುದಿಲ್ಲ. ಬಣ್ಣದ ರೇಷ್ಮೆಗೆ, ಕಪ್ಪು ಬಟ್ಟೆಗೆ ದ್ರವವೇ ಸರಿ. ಆದರೆ ಯಾವುದೇ ಆದರೂ ಹಾಕುವ ಪ್ರಮಾಣದಲ್ಲಿ ನಮ್ಮ ಕೈ ದೊಡ್ಡದು. ನೊರೆ ಕಂಡರೆ ಮಾತ್ರ ಬಟ್ಟೆ ಶುಭ್ರವಾಯಿತು ಎಂಬ ಸಮಾಧಾನ ಬಕೆಟ್ಟಿನ ಕಾಲದಿಂದ ಬಂದದ್ದು. ಫ್ರಂಟ್ ಲೋಡ್‌ನಲ್ಲಿ ನೊರೆ ತುಂಬಿದರೆ ಬಟ್ಟೆ ಮೆತ್ತೆಯ ಮೇಲೆ ಬಿದ್ದಂತೆ ಬೀಳುತ್ತದೆ, ಏಟೇ ತಾಗುವುದಿಲ್ಲ. ಪಂಪು ನೀರನ್ನು ತಳ್ಳಬಲ್ಲದು, ನೊರೆಯನ್ನು ತಳ್ಳಲಾರದು. ಮಷಿನ್ ಮತ್ತೆ ಮತ್ತೆ ಜಾಲಿಸಿ ಉಳಿಸಿದ ನೀರನ್ನೆಲ್ಲ ಕಳೆಯುತ್ತದೆ. ಕಾಲರ್‌ಗೆ ಬಾರ್ ಸೋಪು ಉಜ್ಜಿ ಹಾಗೇ ಮಷಿನ್ನಿಗೆ ಎಸೆಯುವುದೂ ಬೇಡ. ಗಡಸು ನೀರಿನಲ್ಲಿ ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಬೂದು ಬಣ್ಣದ ಅಂಟಾಗುತ್ತದೆ. ಸೀರೆಗೆ ಗಂಜಿ ಹಾಕುವುದಿದ್ದರೆ ಹೊರಗೆ ಬಕೆಟ್ಟಿನಲ್ಲಿ ಹಾಕಿ. ಡ್ರಮ್ಮಿನಲ್ಲಿ ಉಳಿದ ಗಂಜಿ ಬೂಷ್ಟಿಗೆ ಹಬ್ಬದೂಟ. ಘಮಘಮಿಸುವ ಕಂಡೀಷನರ್ ಕೂಡ ಅಂಥದ್ದೇ. ಅದರ ಜಿಡ್ಡು ಸೋಪಿನ ಪೆಟ್ಟಿಗೆಯ ಮೇಲ್ಗಡೆಯ ಗೂಡಿನಲ್ಲಿ ಕಪ್ಪಗೆ ಬೆಳೆಯುವುದನ್ನು ನೋಡಬೇಕೆಂದರೆ ಪೆಟ್ಟಿಗೆಯನ್ನು ಪೂರ್ತಿ ಎಳೆದು ತೆಗೆದು ಮೊಬೈಲಿನ ಟಾರ್ಚ್ ಬಿಡಿ.

ಹೆಚ್ಚಾದ ನೊರೆ ಮನೆಯಲ್ಲೇ ಮುಗಿಯುವುದಿಲ್ಲ. ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿಯಿಂದ ರಸ್ತೆಗೆ ಹಾರುವ ನೊರೆಯ ಹಿಂದೆ ಇರುವುದು ಸಂಸ್ಕರಿಸದೆ ಬಿಟ್ಟ ಕೊಳಚೆ, ಅದರಲ್ಲಿರುವ ಡಿಟರ್ಜೆಂಟ್. ಒಣ ದಿನಗಳಲ್ಲಿ ಅದು ಕೆಸರಿಗೆ ಅಂಟಿಕೊಂಡು ತಳದಲ್ಲಿ ಕೂತಿದ್ದು ಜೋರು ಮಳೆ ಬಂದು ಕದಡಿದಾಗ ನೊರೆಯಾಗಿ ಏಳುತ್ತದೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಕೊಳಚೆ ಶುದ್ಧಿ ಮಾಡಬೇಕಾದವರ ಹೊಣೆ ಇದರಿಂದ ತಪ್ಪುವುದಿಲ್ಲ. ಆದರೂ ಮಷಿನ್ನಿಗೆ ಬೇಡವಾದ ಎರಡನೇ ಚಮಚ ಕೆರೆಗೂ ಬೇಡವಾಗಿತ್ತು.

ಇನ್ನು ತೇವ. ಬಾಗಿಲಿನ ಬೂದು ರಬ್ಬರನ್ನು ಬೆರಳಿಂದ ಹೊರಕ್ಕೆ ಮಡಚಿದರೆ ಕೆಳಗಡೆಯ ಮಡಿಕೆಯಲ್ಲಿ ಒಂದು ಪುಟ್ಟ ಕೆರೆ. ಅದರಲ್ಲಿ ಸಿಗುವುದು ಮನೆಯ ದಿನಚರಿ: ತಲೆಕೂದಲು, ಸೇಫ್ಟಿ ಪಿನ್ನು, ಕರಗಿ ಉಂಡೆಯಾದ ಬಸ್ ಟಿಕೆಟ್ಟು. ಮದುವೆಯಿಂದ ಬಂದ ವಾರವಾದರೆ ಸೀರೆಯ ನೆರಿಗೆಯಿಂದ ಉದುರಿದ ಅಕ್ಷತೆ, ಉಬ್ಬಿ, ಅರಿಶಿನ ಬಿಟ್ಟುಕೊಂಡು, ಹುಳಿವಾಸನೆ ಹೊಡೆಯುತ್ತ. ಕೊನೆಯ ಬಟ್ಟೆ ತೆಗೆದ ಮೇಲೆ ಒಂದು ಹಳೆ ಬನಿಯನ್ನಿನಿಂದ ಆ ಮಡಿಕೆ ಒರೆಸಿ, ಬಾಗಿಲು ನಾಲ್ಕು ಬೆರಳು ತೆರೆದಿಟ್ಟರೆ ಈ ಮಷಿನ್ನಿಗೆ ಮಾಡಬೇಕಾದ ಸೇವೆಯಲ್ಲಿ ಅರ್ಧ ಮುಗಿಯಿತು. ಚಿಕ್ಕ ಮಕ್ಕಳೋ ಬೆಕ್ಕೋ ಇರುವ ಮನೆಯಲ್ಲಿ ಚಾಲೂ ಮಾಡುವ ಮುನ್ನ ಒಳಗೆ ನೋಡಲೇಬೇಕು. ಮಂಗಳೂರು, ಮಲೆನಾಡಿನ ಕಡೆ ಕಥೆ ಇನ್ನೊಂದು ಥರ. ಮುರಕಲ್ಲಿನ ಬಾವಿಯ ನೀರು ಮೆದು, ಹೀಟರ್‌ಗೆ ಭಯವಿಲ್ಲ, ಅರ್ಧ ಚಮಚ ಪುಡಿಗೇ ನೊರೆ ಉಕ್ಕುತ್ತದೆ. ಆದರೆ ಆಟಿ ತಿಂಗಳಲ್ಲಿ ಬಾಗಿಲು ಹಗಲಿರುಳು ತೆರೆದಿಟ್ಟರೂ ರಬ್ಬರ್ ಒಣಗುವುದಿಲ್ಲ. ಅಲ್ಲಿಯವರು ಸುಣ್ಣಕ್ಕೆ ಖರ್ಚು ಮಾಡುವ ದುಡ್ಡನ್ನು ಬಿಸಿ ನೀರಿನ ಒಗೆತಕ್ಕೆ ಹಾಕಬೇಕು.

ಕೆಳಗಿನ ಮೂಲೆಯಲ್ಲೊಂದು ಪುಟ್ಟ ಮುಚ್ಚಳ ಇರುತ್ತದೆ, ಅದರ ಹಿಂದೆ ಪಂಪಿನ ಫಿಲ್ಟರ್. ಅಗಲ ತಟ್ಟೆ, ದಪ್ಪ ಬಟ್ಟೆ ಹಾಸಿಕೊಂಡು, ಪಕ್ಕದ ಸಣ್ಣ ಕೊಳವೆಯಿಂದ ಮೊದಲು ನೀರು ಬಸಿದು, ಆಮೇಲೆ ನಿಧಾನಕ್ಕೆ ತಿರುಗಿಸಬೇಕು. ಒಮ್ಮೆಗೇ ಬಿಚ್ಚಿದರೆ ಯುಟಿಲಿಟಿಯೆಲ್ಲ ಕಪ್ಪು ನೀರು. ನಾಣ್ಯ, ಗುಂಡಿ ಸಿಗುವುದು ಎಲ್ಲ ಊರಿನ ಮಾತು. ನಮ್ಮಲ್ಲಿ ಜೊತೆಗೆ ಹೂವಿನ ದಂಡೆಯ ಬಾಳೆನಾರು. ಅದು ಕೂದಲಿನೊಡನೆ ಹೊಸೆದುಕೊಂಡು ಪಂಪಿನ ರೆಕ್ಕೆಗೆ ಸುತ್ತಿದರೆ ಮಷಿನ್ ನೀರು ತುಂಬಿಕೊಂಡೇ ನಿಂತುಬಿಡುತ್ತದೆ, ಬಾಗಿಲೂ ತೆರೆಯುವುದಿಲ್ಲ. ಇದೇ ಹೊತ್ತಿಗೆ ನೀರು ಹೊರಹೋಗುವ ಪೈಪಿನ ಬಾಯಿಯನ್ನೂ ನೋಡಿಕೊಳ್ಳಿ. ಅದನ್ನು ನೆಲದ ಜಾಲರಿಗೆ ಹಾಗೇ ಇಳಿಬಿಟ್ಟರೆ, ತುಂಬಿದ ನೀರೆಲ್ಲ ತಾನಾಗಿ ಜಗ್ಗಿಕೊಂಡು ಹರಿದುಹೋಗುತ್ತದೆ, ಮಷಿನ್ ತುಂಬುತ್ತಲೇ ಇರುತ್ತದೆ. ಎರಡಡಿಗಿಂತ ಎತ್ತರದಲ್ಲಿ ಪೈಪನ್ನು ಒಮ್ಮೆ ಬಾಗಿಸಿ ಕಟ್ಟಿದರೆ ಆಯಿತು. ಟ್ಯಾಂಕಿನ ಕೆಳಗೇ ಇರುವ ಕೊನೆಯ ಮಹಡಿಯ ಮನೆಗಳದ್ದು ಇದಕ್ಕೆ ಉಲ್ಟಾ ಗೋಳು. ಹತ್ತು ಮೀಟರ್ ಎತ್ತರದ ನೀರಿಗೆ ಒಂದು ಬಾರ್ ಒತ್ತಡ. ಟ್ಯಾಂಕು ನಲ್ಲಿಯಿಂದ ಎರಡು ಮೀಟರ್ ಮೇಲಿದ್ದರೆ ಎಷ್ಟೋ ಮಷಿನ್‌ಗಳಿಗೆ ಅದು ಸಾಲದು, ಚಿಕ್ಕ ಪ್ರೆಶರ್ ಪಂಪ್ ಹಾಕಿಸಬೇಕು. ಇಲಿಯ ಮಾತು ಬಿಡುವಂತಿಲ್ಲ. ತಳ ತೆರೆದಿರುವ ಮಷಿನ್ ಬೆಚ್ಚಗಿನ ಗೂಡು, ಒಳಗಿನ ವೈರು ಅದಕ್ಕೆ ತಿಂಡಿ. ತಳಕ್ಕೊಂದು ಜಾಲರಿ ಬಡಿಸುವ ಖರ್ಚು ಸರ್ಕಿಟ್ ಬೋರ್ಡಿನ ಬೆಲೆಯ ಮುಂದೆ ಏನೂ ಅಲ್ಲ.

ಇಷ್ಟೆಲ್ಲ ನೋಡಿಕೊಂಡರೂ ಒಂದು ದಿನ ಸ್ಪಿನ್ನಿನ ಸದ್ದು ಬದಲಾಗುತ್ತದೆ. ಆಕಾಶದಲ್ಲಿ ವಿಮಾನ ಹೋದಂಥ ಗುಡುಗು ಬಂದರೆ ಬೇರಿಂಗ್. ಡ್ರಮ್ಮಿನ ಹಿಂದಿನ ರಬ್ಬರ್ ಸೀಲು ಸವೆದು ಸೋಪಿನ ನೀರು ಬೇರಿಂಗಿಗೆ ಇಳಿದಿದೆ ಎಂದರ್ಥ. ಬಾಗಿಲು ತೆಗೆದು ಡ್ರಮ್ಮನ್ನು ಎತ್ತಿ ನೋಡಿ, ಅಲ್ಲಾಡಿದರೆ ಅದೇ. ಗುಡುಗಿನ ಜೊತೆ ಧಡ್ ಧಡ್ ಎಂಬ ಹೊಡೆತವೂ ಇದ್ದರೆ ಇನ್ನೂ ದೊಡ್ಡದು. ಡ್ರಮ್ಮನ್ನು ಹಿಂದಿನಿಂದ ಹಿಡಿದಿರುವ ಮೂರು ಕೈಯ ಅಲ್ಯೂಮಿನಿಯಂ ಚೌಕಟ್ಟಿಗೆ ರಿಪೇರಿಯವರು ಸ್ಪೈಡರ್ ಎನ್ನುತ್ತಾರೆ. ಸ್ಟೀಲಿಗೆ ಅಂಟಿಕೊಂಡ ಅಲ್ಯೂಮಿನಿಯಂ, ಸುತ್ತ ಕ್ಷಾರದ ತೇವ. ಲೋಹ ನಿಧಾನಕ್ಕೆ ಪುಡಿಯಾಗಿ ಒಂದು ಕೈ ಮುರಿಯುತ್ತದೆ. ಅದನ್ನು ತಿಂದದ್ದೂ ತಣ್ಣೀರಿನಲ್ಲಿ ಕರಗದೆ ಉಳಿದ ಆ ಸೋಪಿನ ಲೋಳೆಯೇ.

ಹಿಂದಿನ ಮಷಿನ್‌ಗಳಲ್ಲಿ ಟಬ್ಬಿನ ಎರಡು ಹೋಳುಗಳನ್ನು ಸ್ಕ್ರೂ ಹಾಕಿ ಜೋಡಿಸುತ್ತಿದ್ದರು. ಬಿಚ್ಚಿ, ಹಳೆ ಬೇರಿಂಗ್ ಬಡಿದು ತೆಗೆದು, ಹೊಸದು ಕೂರಿಸಿ, ಸಂಜೆಯೊಳಗೆ ಮುಗಿಸಬಹುದಿತ್ತು. ಈಗಿನ ಎಷ್ಟೋ ಮಾದರಿಗಳಲ್ಲಿ ಹೋಳುಗಳನ್ನು ಕರಗಿಸಿ ಬೆಸೆದಿರುತ್ತಾರೆ. ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಬೇರಿಂಗ್ ಹೋದರೆ ಟಬ್ಬು, ಡ್ರಮ್ಮು ಸಮೇತ ಇಡೀ ಜೋಡಣೆ ಕೊಳ್ಳಬೇಕು. ಆ ಬೆಲೆ ಕೇಳಿದವರು ಹೊಸ ಮಷಿನ್ ಕೊಳ್ಳುವುದೇ ವಾಸಿ ಅಂದುಕೊಳ್ಳುತ್ತಾರೆ. ಬಾಕ್ಸಿನ ಮೇಲೆ ದೊಡ್ಡದಾಗಿ ಬರೆದ ಹತ್ತು ವರ್ಷದ ವಾರಂಟಿ ಸಾಮಾನ್ಯವಾಗಿ ಮೋಟಾರಿನದು. ಮೋಟಾರು ಅಷ್ಟು ಸುಲಭಕ್ಕೆ ಕೆಡುವ ಭಾಗವೇ ಅಲ್ಲ. ಯುರೋಪಿನಲ್ಲಿ 2021ರ ಮಾರ್ಚ್‌ನಿಂದ ವಾಷಿಂಗ್ ಮಷಿನ್ನಿನ ಮುಖ್ಯ ಬಿಡಿಭಾಗಗಳು ಕನಿಷ್ಠ ಹತ್ತು ವರ್ಷ ಸಿಗುವಂತಿರಬೇಕು ಎಂಬ ನಿಯಮ ಬಂತು. ಅಲ್ಲೂ ಡ್ರಮ್, ಸ್ಪೈಡರ್, ಬೇರಿಂಗ್‌ಗಳನ್ನು ಬಿಡಿಯಾಗಿಯೋ ಒಟ್ಟಿಗೋ ಕೊಡಬಹುದು ಎಂದು ಕಂಪನಿಗಳಿಗೆ ಒಂದು ಕಿಂಡಿ ಬಿಟ್ಟಿದ್ದಾರೆ. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ಡಿಸೆಂಬರ್‌ನಲ್ಲಿ ಒಂದು ಪೋರ್ಟಲ್ ತೆರೆಯಿತು. ಗೃಹೋಪಯೋಗಿ ವಸ್ತುಗಳೂ ಅದರ ವ್ಯಾಪ್ತಿಯಲ್ಲಿವೆ. ಬಿಡಿ ಬೇರಿಂಗ್ ಕೊಡಿಸುವಷ್ಟು ದೂರ ಅದು ಇನ್ನೂ ನಡೆದಿಲ್ಲ.

ಹಾಗಾಗಿ ಮುಂದಿನ ಮಷಿನ್ ಕೊಳ್ಳಲು ಹೋದಾಗ ನಾನು ಸ್ಟೀಮ್, ವೈಫೈಗಳ ಬಗ್ಗೆ ಕೇಳುವುದಿಲ್ಲ. ಟಬ್ಬು ಸ್ಕ್ರೂವಿನದೋ ಬೆಸುಗೆಯದೋ, ಹೀಟರ್ ಮತ್ತು ಬಾಗಿಲಿನ ರಬ್ಬರಿಗೆ ಈಗಿನ ಬೆಲೆ ಎಷ್ಟು, ಬೇರಿಂಗ್ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳುತ್ತೇನೆ. ಶೋರೂಮಿನ ಹುಡುಗನಿಗೆ ಇದು ಗೊತ್ತಿರುವುದಿಲ್ಲ, ಅದು ಅವನ ತಪ್ಪಲ್ಲ. ದುಡ್ಡು ಕೊಡುವ ಮೊದಲು ಅದೇ ಕಂಪನಿಯ ಸರ್ವಿಸ್ ಸೆಂಟರ್‌ಗೆ ಒಂದು ಫೋನ್ ಹಾಕಿ, ಮಾದರಿಯ ನಂಬರ್ ಹೇಳಿ, ಬೆಲೆಗಳನ್ನು ವಾಟ್ಸಾಪಿನಲ್ಲಿ ಬರೆದು ಕಳಿಸಿ ಎಂದರೆ ಸಾಮಾನ್ಯವಾಗಿ ಕಳಿಸುತ್ತಾರೆ. ಕಳಿಸದವರ ಮಷಿನ್ ಪಕ್ಕಕ್ಕಿಟ್ಟು ಮುಂದಿನದನ್ನು ನೋಡಬಹುದು.